ಅಜಂತಾದ ಟೋಪಿಯವರು ಯಾರು? – ಒಂದು ಚಿತ್ರವನ್ನು ಓದುವ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ನಾನು ದಿಂಡೋರಿಗೆ ಹೋಗಿದ್ದೆ. ನಾಸಿಕದಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ದ್ರಾಕ್ಷಿ ತೋಟಗಳ ಊರು ಅದು. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಆ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಮರಾಠಿ. ಕನ್ನಡ ಅಂದರೆ ನಾನು ಹೋದಾಗ ಅಕ್ಕನ ಬಾಯಲ್ಲಿ ಬರುವುದು ಮಾತ್ರ. ನಾಲ್ಕು ದಿನ ಉಳಿದು, ಐದನೇ ದಿನ ಎಲ್ಲರೂ ಒಂದು ಗಾಡಿ ಮಾಡಿಕೊಂಡು ಛತ್ರಪತಿ ಸಂಭಾಜಿನಗರಕ್ಕೆ ಹೊರಟೆವು. ಹಿರಿಯರು ಈಗಲೂ ಔರಂಗಾಬಾದ್ ಅಂತಲೇ ಅನ್ನುವ ಊರು. ಅಲ್ಲಿಂದ ಇನ್ನೂ 100 ಕಿ.ಮೀ. ಹೋದರೆ ಅಜಂತಾ.

ಅಜಂತಾ ನೋಡಬೇಕೆಂಬ ಹಟ ನನ್ನದೇ. ಕಾರಣ ಒಂದು ಚಿತ್ರ. ನಾನು ಬಾಗಲಕೋಟೆ ಜಿಲ್ಲೆಯವಳು. ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುತ್ತೇನೆ. ಬಾದಾಮಿ ಚಾಲುಕ್ಯರ ಪಾಠ ಬಂದಾಗಲೆಲ್ಲ ಒಂದು ವಾಕ್ಯವನ್ನು ದನಿ ಏರಿಸಿ ಹೇಳುತ್ತಿದ್ದೆ: "ನಮ್ಮ ಇಮ್ಮಡಿ ಪುಲಿಕೇಶಿಯ ಆಸ್ಥಾನಕ್ಕೆ ಪರ್ಷಿಯಾದ ದೊರೆ ಖುಸ್ರೋ ದೂತರನ್ನು ಕಳಿಸಿದ್ದ. ಆ ದೃಶ್ಯ ಇವತ್ತಿಗೂ ಅಜಂತಾದ 1ನೇ ಗುಹೆಯ ಗೋಡೆ ಮೇಲಿದೆ." ನಾನು ಓದಿದ ಪುಸ್ತಕದಲ್ಲಿ ಹಾಗೇ ಇತ್ತು, ನನಗೆ ಕಲಿಸಿದವರೂ ಹಾಗೇ ಹೇಳಿದ್ದರು.

1ನೇ ಗುಹೆಯೊಳಗೆ ಹೋದರೆ ಮೊದಲು ಕಾಣುವುದು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಒಳಗೋಡೆಯಲ್ಲಿ ಪದ್ಮಪಾಣಿ ಕಾಣುತ್ತಾನೆ. ಜನ ಎಲ್ಲ ಅತ್ತ ಹೋಗುತ್ತಾರೆ. ನಾನು ಹೇಳುವ ಚಿತ್ರಕ್ಕೆ ಹಿಂದಿರುಗಿ ನಿಲ್ಲಬೇಕು. ಅದಿರುವುದು ನಾವು ಒಳಗೆ ಬಂದ ಬಾಗಿಲಿನ ಪಕ್ಕದ ಗೋಡೆಯ ಮೇಲೆ. ಅಲ್ಲಿ ಇನ್ನೊಂದು ಗುಂಪಿಗೆ ಒಬ್ಬರು ವಿವರಿಸುತ್ತಿದ್ದರು: "ಈ ಟೋಪಿ, ಗಡ್ಡ ನೋಡಿ. ಇವರು ಮುಸಲ್ಮಾನ ದೂತರು." ಗುಂಪಿನಲ್ಲಿ ಒಂದಿಬ್ಬರು ಹಾಗೇ ತಿರುಗಿ ನಮ್ಮ ಭಾವನ ಟೋಪಿ ನೋಡಿದರು. ಕೆಟ್ಟ ನೋಟವೇನಲ್ಲ, ಸುಮ್ಮನೆ ನೋಡಿದರು. ಏಳನೇ ಕ್ಲಾಸಿನ ನನ್ನ ಅಕ್ಕನ ಮಗಳು ಮಾತ್ರ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಖಾಲಾ, ಇವರು ನಮ್ಮವರಾ?"

ಆ ಕ್ಷಣ ನನಗೆ ಹೌದು ಅನ್ನಬೇಕು ಅನಿಸಿತು. ರಾಜ ನಮ್ಮ ಬಾದಾಮಿಯವನು, ದೂತರೂ ನಮ್ಮವರು. ಕನ್ನಡತಿಗೂ ಖುಷಿ, ಮುಸಲ್ಮಾನಳಿಗೂ ಖುಷಿ. ಆದರೆ ಹೊರಡುವ ಮೊದಲು ಸ್ವಲ್ಪ ಓದಿಕೊಂಡಿದ್ದೆ. ಎರಡೂ ನಿಜವಲ್ಲ ಅಂತ ಅಷ್ಟರಲ್ಲಿ ಗೊತ್ತಾಗಿತ್ತು.

ಒಂದು ನಿಗೂಢ ಚಿತ್ರದ ಮುಂದೆ ನಿಂತಾಗ ನಾವು ಏನು ನೋಡುತ್ತೇವೆ, ಏನನ್ನು ನಾವೇ ಸೇರಿಸುತ್ತೇವೆ? ಅದನ್ನು ಬಿಡಿಸಿ ನೋಡೋಣ ಅಂತ ಈ ಬರಹ.

ಮೊದಲು ಕಣ್ಣಿಗೆ ಕಂಡದ್ದು

ಚಿತ್ರಕ್ಕೆ ಅಂಟಿದ ಹೆಸರನ್ನು ಸ್ವಲ್ಪ ಹೊತ್ತು ಮರೆಯಿರಿ. ಗೋಡೆ ಮೇಲೆ ಇರುವುದು ಇಷ್ಟು: ತಿಳಿಬಣ್ಣದ ಮೈಯ ಒಬ್ಬ ರಾಜ ದಿಂಬಿಗೆ ಒರಗಿ ಪೀಠದ ಮೇಲೆ ಕುಳಿತಿದ್ದಾನೆ. ಸುತ್ತ ಪರಿಚಾರಕರು, ಚಾಮರ ಹಿಡಿದ ಹೆಂಗಸರು. ಅವನೆದುರು ಮೂವರು ಬಂದಿದ್ದಾರೆ. ತಲೆಗೆ ಚೂಪು ಟೋಪಿ, ಗಡ್ಡ, ಮೈತುಂಬ ಬಟ್ಟೆ. ಮೊದಲನೆಯವನು ಬಾಗಿ ಮುತ್ತಿನ ಸರ ನೀಡುತ್ತಿದ್ದಾನೆ. ಎರಡನೆಯವನ ಕೈಯಲ್ಲಿ ಹೂಜಿಯಂಥ ಪಾತ್ರೆ, ಮೂರನೆಯವನ ಕೈಯಲ್ಲಿ ಕಾಣಿಕೆ ತುಂಬಿದ ತಟ್ಟೆ. ಹಿಂದೆ ಬಾಗಿಲ ಬಳಿ ಇನ್ನೂ ಕೆಲವು ಪರದೇಶಿಗಳು, ಕುದುರೆಗಳು. ಅಲ್ಲಲ್ಲಿ ಗಿಲಾವು ಉದುರಿ ಚಿತ್ರ ಹಾಳಾಗಿದೆ.

ಕಂಡದ್ದು ಅಷ್ಟೇ. ರಾಜನ ಹೆಸರು ಎಲ್ಲೂ ಬರೆದಿಲ್ಲ. ದೂತರು ಎಂದೂ ಬರೆದಿಲ್ಲ.

ಹಾಗಾದರೆ ಪುಲಿಕೇಶಿ ಎಲ್ಲಿಂದ ಬಂದ? 1879ರಲ್ಲಿ ಜೇಮ್ಸ್ ಫರ್ಗ್ಯೂಸನ್ ಎಂಬ ಬ್ರಿಟಿಷ್ ವಿದ್ವಾಂಸ ಒಂದು ಲೇಖನ ಬರೆದರು. ಈ ಟೋಪಿಯವರು ಸಸಾನಿ ಕಾಲದ ಪರ್ಷಿಯಾದವರು, ಇವರನ್ನು ಕಳಿಸಿದವನು ಎರಡನೇ ಖುಸ್ರೋ, ಪೀಠದ ಮೇಲಿರುವವನು ಪುಲಿಕೇಶಿ ಎಂಬುದು ಅವರ ವಾದ. ಇದು ಗಾಳಿಯಲ್ಲಿ ಹುಟ್ಟಿದ ಮಾತಲ್ಲ. ಅರಬಿ ಇತಿಹಾಸಕಾರ ತಬರಿಯ ಗ್ರಂಥದಲ್ಲಿ ಭಾರತದ ಒಬ್ಬ ರಾಜನಿಗೂ ಖುಸ್ರೋಗೂ ಪತ್ರ, ಕಾಣಿಕೆಗಳ ಸಂಬಂಧವಿದ್ದ ಪ್ರಸಂಗ ಬರುತ್ತದೆ. ಖುಸ್ರೋ ಆಳಿದ್ದು 590ರಿಂದ 628ರವರೆಗೆ, ಪುಲಿಕೇಶಿ ಸುಮಾರು 610ರಿಂದ 642ರವರೆಗೆ. ಕಾಲ ಹೊಂದುತ್ತದೆ. ಅಜಂತಾ ಇರುವ ಪ್ರದೇಶವೂ ಆಗ ಚಾಲುಕ್ಯರ ಕೈಯಲ್ಲಿತ್ತು. ಗೋಡೆ ಮೇಲೆ ಟೋಪಿ ಇದೆ, ಪುಸ್ತಕದಲ್ಲಿ ಪತ್ರ ಇದೆ. ಎರಡನ್ನೂ ಕೂಡಿಸಿದರು. ಲೆಕ್ಕ ಸರಿಹೋದಂತೆ ಕಂಡಿತು.

ಲೆಕ್ಕ ಎಲ್ಲಿ ತಪ್ಪಿತು?

ತಬರಿಯನ್ನೇ ಸರಿಯಾಗಿ ಓದಿ ನೋಡಿ. ಅಲ್ಲಿ ಪತ್ರ, ಕಾಣಿಕೆ ಹೋದದ್ದು ಭಾರತದಿಂದ ಪರ್ಷಿಯಾಕ್ಕೆ. ಪರ್ಷಿಯಾದಿಂದ ದೂತರು ಇಲ್ಲಿಗೆ ಬಂದ ಮಾತು ಅಲ್ಲಿಲ್ಲ. ಅದು ನಾವು ಮುಂದುವರಿಸಿಕೊಂಡ ಕಥೆ.

ಆ ಭಾರತೀಯ ರಾಜನ ಹೆಸರೂ ಅಲ್ಲಿ ಸ್ಪಷ್ಟವಾಗಿಲ್ಲ. ಉರ್ದು ಓದುವವರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ಅರಬಿಯಲ್ಲಿ 'ಪ' ಅಕ್ಷರವೇ ಇಲ್ಲ. ಪರದೇಶದ ಹೆಸರಿನ 'ಪ' ಅಲ್ಲಿ 'ಫ' ಆಗಬೇಕು, ಇಲ್ಲವೇ 'ಬ' ಆಗಬೇಕು. ಜೇರ್, ಜಬರ್ ಹಾಕದೆ ಬರೆಯುತ್ತಾರೆ. ನಕಲು ಮಾಡುವವನು ಒಂದು ನುಕ್ತಾ ಬಿಟ್ಟರೆ ಅಕ್ಷರವೇ ಬದಲಾಗುತ್ತದೆ. ನಮ್ಮ ಮಕ್ಕಳು ದಿನಾ ಮಾಡುವ ತಪ್ಪೇ ಇದು! ಹೀಗೆ ಕೈಯಿಂದ ಕೈಗೆ ಬಂದ ಹೆಸರನ್ನು 'ಪುಲಿಕೇಶಿ' ಎಂದು ಓದಬಹುದು ಅಂತ ಹೇಳಿದ್ದು 19ನೇ ಶತಮಾನದ ಯುರೋಪಿನ ವಿದ್ವಾಂಸರು. ಆ ಓದು ಸರಿಯಾಗಿರಲೂಬಹುದು. ಆದರೆ ಅದನ್ನು ಸಾಕ್ಷಿ ಅನ್ನಲಾಗದು, ಅದೊಂದು ಊಹೆ.

ಇನ್ನು ನಮ್ಮ ಐಹೊಳೆ. ಮೇಗುತಿ ಗುಡ್ಡದ ಜೈನ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಪುಲಿಕೇಶಿ ಗೆದ್ದವರ ಪಟ್ಟಿಯನ್ನೇ ಅದು ಕೊಡುತ್ತದೆ. ಹರ್ಷ, ಪಲ್ಲವರು, ಗಂಗರು, ಆಳುಪರು, ಕೊಂಕಣದ ಮೌರ್ಯರು ಎಲ್ಲರೂ ಅಲ್ಲಿದ್ದಾರೆ. ಒಡೆಯನ ಹೊಗಳಿಕೆಯಲ್ಲಿ ಏನನ್ನೂ ಕಡಿಮೆ ಮಾಡದ ಆ ಕವಿ ಪರ್ಷಿಯಾದ ದೂತರ ಮಾತೆತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಾಲದ್ದು. ಅಮೆರಿಕದ ವಾಲ್ಟರ್ ಸ್ಪಿಂಕ್ ಬದುಕಿನ ಬಹುಪಾಲನ್ನು ಅಜಂತಾದ ಅಧ್ಯಯನಕ್ಕೇ ಕೊಟ್ಟವರು. ಶಾಸನ, ಕಂಬದ ಕೆತ್ತನೆ, ಬಾಗಿಲ ಚೌಕಟ್ಟು, ಅರ್ಧಕ್ಕೆ ನಿಂತ ಕೆಲಸ ಎಲ್ಲವನ್ನೂ ಹೋಲಿಸಿ, 1ನೇ ಗುಹೆ ವಾಕಾಟಕ ದೊರೆ ಹರಿಷೇಣನ ಕಾಲದ್ದು, ಅಂದರೆ ಸುಮಾರು 460ರಿಂದ 480ರ ನಡುವಿನದು ಎಂದು ತೋರಿಸಿದರು. ಇಂದಿನ ಬಹುಪಾಲು ವಿದ್ವಾಂಸರು ಗುಹೆಯನ್ನು 5ನೇ ಶತಮಾನಕ್ಕೇ ಸೇರಿಸುತ್ತಾರೆ. ಹಾಗಾದರೆ ಈ ಚಿತ್ರ ಪುಲಿಕೇಶಿ ಪಟ್ಟಕ್ಕೆ ಬರುವುದಕ್ಕೂ ಒಂದು ನೂರಕ್ಕಿಂತ ಹೆಚ್ಚು ವರ್ಷ ಮೊದಲಿನದು.

ಟೋಪಿಯವರು ಮುಸಲ್ಮಾನರು ಎಂಬ ಮಾತಂತೂ ನಿಲ್ಲುವುದೇ ಇಲ್ಲ. 5ನೇ ಶತಮಾನದಲ್ಲಿ ಪ್ರವಾದಿಯವರು (ಸ) ಹುಟ್ಟಿರಲಿಲ್ಲ. ಒಂದು ವೇಳೆ ಇವರು ಖುಸ್ರೋ ಕಾಲದವರೇ ಆಗಿದ್ದರೂ, ಆ ಖುಸ್ರೋ ಯಾರು? ಸೀರತ್ ಓದಿದವರಿಗೆ ಅವನು 'ಕಿಸ್ರಾ'. ಪ್ರವಾದಿಯವರು (ಸ) ಕಳಿಸಿದ ಪತ್ರವನ್ನು ಹರಿದು ಹಾಕಿದವನು. ಅವನ ಆಸ್ಥಾನ ಅಗ್ನಿಯನ್ನು ಪೂಜಿಸುವ ಜರತುಷ್ಟ್ರರ ಆಸ್ಥಾನ. ಟೋಪಿ, ಗಡ್ಡ ಮುಸಲ್ಮಾನರಿಗಿಂತ ಹಳೆಯವು ಅನ್ನುವುದನ್ನು ನಾವೇ ಮರೆತುಬಿಡುತ್ತೇವೆ.

ಗುಹೆಯ ಚಾವಣಿಯಲ್ಲೂ ಇಂಥದೇ ಟೋಪಿಯ ಒಬ್ಬ ಗಂಡಸು ಹೆಣ್ಣಿನ ಜೊತೆ ಕೂತು ಪಾನ ಮಾಡುವ ಚಿತ್ರವಿದೆ. ಅದನ್ನು ಖುಸ್ರೋ–ಶೀರೀನ್ ಎಂದರು. ಶೀರೀನ್ ಹೆಸರು ಕೇಳಿದರೆ ಉರ್ದು ಮನೆಯಲ್ಲಿ ಬೆಳೆದ ಯಾರಿಗೆ ಮನಸ್ಸು ಅರಳುವುದಿಲ್ಲ? ಆದರೆ ಅದೇ ಜೋಡಿ ಚಿಕ್ಕಪುಟ್ಟ ಬದಲಾವಣೆಯೊಂದಿಗೆ ಅದೇ ಚಾವಣಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸುತ್ತಲೂ ಹೂ, ಬಳ್ಳಿ, ಹಣ್ಣು, ಪ್ರಾಣಿಗಳು. ಒಬ್ಬ ನಿರ್ದಿಷ್ಟ ರಾಜನ ಭಾವಚಿತ್ರವನ್ನು ಯಾರಾದರೂ ಸೀರೆಯ ಬುಟ್ಟಾದ ಹಾಗೆ ಹರಡುತ್ತಾರೆಯೇ? ಅದು ಅಲಂಕಾರ ಅನ್ನುವುದೇ ಸರಿ.

ಹಾಗಾದರೆ ಇದು ಯಾವ ಕಥೆ?

ಅಜಂತಾದ ಗೋಡೆಗಳ ಮೇಲೆ ಹೆಚ್ಚಾಗಿ ಇರುವುದು ಬುದ್ಧನ ಬದುಕು ಮತ್ತು ಅವನ ಹಿಂದಿನ ಜನ್ಮಗಳ ಜಾತಕ ಕಥೆಗಳು. ಜರ್ಮನಿಯ ಡೀಟರ್ ಶ್ಲಿಂಗ್ಲಾಫ್ ಈ ಚಿತ್ರಗಳನ್ನು ಬೌದ್ಧ ಗ್ರಂಥಗಳ ಜೊತೆ ಒಂದೊಂದಾಗಿ ಹೊಂದಿಸಿ ನೋಡಿದರು. ಈ ದೃಶ್ಯ ಮಹಾಸುದರ್ಶನ ಎಂಬ ಚಕ್ರವರ್ತಿಯ ಕಥೆ ಎಂದು ಅವರೂ ಸ್ಪಿಂಕ್ ಅವರೂ ಗುರುತಿಸುತ್ತಾರೆ. ಮಹಾಸುದರ್ಶನ ಅಂದರೆ ಹಿಂದಿನ ಜನ್ಮದ ಬುದ್ಧನೇ. ಆ ಕಥೆಯಲ್ಲಿ ಜನರು ರಾಜನಿಗೆ ರಾಶಿ ರಾಶಿ ಸಂಪತ್ತು ತಂದು ಒಪ್ಪಿಸುತ್ತಾರೆ. ಅವನು ಅದನ್ನು ತೆಗೆದುಕೊಳ್ಳುವುದಿಲ್ಲ. ನನಗೆ ನ್ಯಾಯವಾಗಿ ಬಂದದ್ದು ಸಾಕು, ಇದು ನಿಮ್ಮಲ್ಲೇ ಇರಲಿ, ಬೇಕಾದರೆ ನನ್ನದನ್ನೂ ಒಯ್ಯಿರಿ ಅನ್ನುತ್ತಾನೆ.

ಇದನ್ನು ತಿಳಿದು ಮತ್ತೆ ಚಿತ್ರ ನೋಡಿ. ಗೆರೆ ಅದೇ, ಬಣ್ಣ ಅದೇ. ಭಾವ ಮಾತ್ರ ಪೂರ್ತಿ ತಿರುಗಿಬಿಡುತ್ತದೆ. ಮೊದಲು ಮುತ್ತಿನ ಸರ ಅಂದರೆ ರಾಜನ ದೊಡ್ಡಸ್ತಿಕೆಯ ಗುರುತು: ನೋಡಿ, ಪರದೇಶದವರೂ ಬಾಗಿದರು! ಈಗ ಅದೇ ಸರ ರಾಜನಿಗೆ ಬೇಡವಾದ ವಸ್ತು. ಸಂಕೇತ ಅನ್ನುವುದು ವಸ್ತುವಿನೊಳಗೆ ಕುಳಿತಿರುವುದಿಲ್ಲ. ಅದು ಯಾವ ಕಥೆಯೊಳಗೆ ಬಂದಿದೆ ಅನ್ನುವುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

ಟೋಪಿಯವರು ಆ ಕಾಲದ ಪರ್ಷಿಯಾ ಕಡೆಯ ಜನರಂತೆ ಇರುವುದೇಕೆ ಅಂದರೆ, ಅಂಥವರನ್ನು ಚಿತ್ರಕಾರ ನೋಡಿದ್ದಾನೆ. 17ನೇ ಗುಹೆಯಲ್ಲೂ ಇಂಥ ಪರದೇಶಿಗಳಿದ್ದಾರೆ. ಅವರು ವ್ಯಾಪಾರಕ್ಕೆ ಬರುತ್ತಿದ್ದರು. ಇದಕ್ಕೆ ಸಾಕ್ಷಿ ಗೋಡೆಯ ಮೇಲೇ ಇದೆ. ಅಜಂತಾದ ಕೆಂಪು, ಹಳದಿ, ಹಸಿರು ಬಣ್ಣಗಳು ಈ ಸೀಮೆಯ ಮಣ್ಣು, ಕಲ್ಲಿನಿಂದ ಮಾಡಿದವು. ಕಪ್ಪು ದೀಪದ ಮಸಿಯಿಂದ. ಆ ಗಾಢ ನೀಲಿ ಮಾತ್ರ ಲಾಜವರ್ದ ಕಲ್ಲಿನದು. ಅದು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ ಬರಬೇಕು. ಕಲ್ಲು ಬಂದ ದಾರಿಯಲ್ಲೇ ಟೋಪಿಯೂ ಬಂದಿದೆ. ದಿಂಡೋರಿಗೆ ಹತ್ತಿರದ ನಾಸಿಕದ ಗುಹೆಗಳಲ್ಲಂತೂ ಇದಕ್ಕಿಂತಲೂ ಹಿಂದೆಯೇ ಉತ್ತರದಿಂದ ಬಂದ ಇಂದ್ರಾಗ್ನಿದತ್ತ ಎಂಬ ಯವನ ಒಂದು ಗುಹೆಯನ್ನೇ ಕೊರೆಯಿಸಿ ದಾನ ಕೊಟ್ಟಿದ್ದಾನೆ. ಅವನ ಹೆಸರಿನ ಶಾಸನ ಅಲ್ಲಿದೆ. ಆ ಬೌದ್ಧ ಗುಹೆಗಳಿಗೆ ಜನ ಇಂದು ಕರೆಯುವ ಹೆಸರು 'ಪಾಂಡವ ಲೇಣಿ'. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ಇಡುವವರು ಎಲ್ಲ ಕಡೆ ಇದ್ದಾರೆ ನೋಡಿ.

ಸಾಯುತ್ತಿರುವವಳು ಯಾರು?

ಹೆಸರು ಭಾವವನ್ನೇ ಬದಲಿಸಿದ ಇನ್ನೊಂದು ಉದಾಹರಣೆ 16ನೇ ಗುಹೆಯಲ್ಲಿದೆ. ಒಬ್ಬ ಹೆಂಗಸು ಪೀಠದ ಮೇಲೆ ಕುಸಿದು ಕುಳಿತಿದ್ದಾಳೆ. ತಲೆ ಜೋತಿದೆ, ಕಣ್ಣು ಅರೆಮುಚ್ಚಿದೆ. ಹಿಂದಿನಿಂದ ಒಬ್ಬಳು ಆಧರಿಸಿ ಹಿಡಿದಿದ್ದಾಳೆ, ಇನ್ನೊಬ್ಬಳು ಬೀಸಣಿಗೆ ಬೀಸುತ್ತಿದ್ದಾಳೆ. 19ನೇ ಶತಮಾನದಲ್ಲಿ ಇದಕ್ಕೆ 'ಸಾಯುತ್ತಿರುವ ರಾಜಕುಮಾರಿ' ಎಂಬ ಹೆಸರು ಬಿತ್ತು. ಹೆಸರು ಕೇಳಿ ನೋಡಿದರೆ ಸಾವೇ ಕಾಣುತ್ತದೆ.

ಆದರೆ ಚಿತ್ರದಲ್ಲಿ ಇನ್ನೊಬ್ಬನಿದ್ದಾನೆ. ಅವನ ಕೈಯಲ್ಲಿ ಒಂದು ಕಿರೀಟ. ಸಾಯುವವಳ ಮುಂದೆ ಕಿರೀಟ ಏಕೆ? ಉತ್ತರ ಬುದ್ಧನ ಮಲತಮ್ಮ ನಂದನ ಕಥೆಯಲ್ಲಿದೆ. ಅಶ್ವಘೋಷನ 'ಸೌಂದರನಂದ' ಕಾವ್ಯದ ವಸ್ತುವೂ ಅದೇ. ನಂದ ಮನೆ ಬಿಟ್ಟು ಭಿಕ್ಷು ಆದ. ಅವನು ತೆಗೆದಿಟ್ಟ ಕಿರೀಟ ಮನೆಗೆ ಬಂದಿದೆ. ಅದನ್ನು ಕಂಡು ಹೆಂಡತಿ ಸುಂದರಿ ಕುಸಿದಿದ್ದಾಳೆ. ಅವಳು ಸಾಯುತ್ತಿಲ್ಲ. ಗಂಡ ಇನ್ನು ಬರುವುದಿಲ್ಲ ಎಂದು ಗೊತ್ತಾದ ಕ್ಷಣ ಅದು. ಸಾವಿಗಿಂತ ಇದು ಕಡಿಮೆ ದುಃಖವೇ? ನನಗೆ ಹಾಗನಿಸಲಿಲ್ಲ. ಒಂದು ಧರ್ಮದ ಅತಿ ದೊಡ್ಡ ತ್ಯಾಗವನ್ನು ಚಿತ್ರಿಸುವಾಗ, ಆ ತ್ಯಾಗದ ಬೆಲೆ ತೆತ್ತ ಹೆಣ್ಣನ್ನೂ ಆ ಚಿತ್ರಕಾರ ಬಿಡದೆ ಬರೆದ. 'ಸಾಯುತ್ತಿರುವ' ಎಂಬ ಒಂದೇ ಪದ ಇದನ್ನೆಲ್ಲ ಮುಚ್ಚಿಬಿಟ್ಟಿತ್ತು.

ಕತ್ತಲೆಯೂ ಚಿತ್ರಕಾರನದಲ್ಲ

ಅಜಂತಾದ ಚಿತ್ರಗಳ ಮೇಲೆ ಒಂದು ಮಂಕು ಕವಿದಿದೆ. ನೋಡಿದವರು ಅದನ್ನೇ ಗಂಭೀರ, ವಿಷಾದ, ರಹಸ್ಯ ಅಂತ ಬಣ್ಣಿಸುತ್ತಾರೆ. ನಾನೂ ಮಕ್ಕಳಿಗೆ ಹಾಗೇ ಹೇಳಿದ್ದೆ. ಆದರೆ ಆ ಮಂಕಿನಲ್ಲಿ ಸ್ವಲ್ಪ ಪಾಲು ಅರಗಿನದು! ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರವರೆಗೂ ಔರಂಗಾಬಾದ್, ಕಲಬುರಗಿ, ಬೀದರ್ ಒಂದೇ ರಾಜ್ಯದಲ್ಲಿದ್ದವು. 1920ರಿಂದ 1922ರ ನಡುವೆ ಇಟಲಿಯ ಇಬ್ಬರು ತಜ್ಞರನ್ನು ಕರೆಸಿ ಚಿತ್ರಗಳನ್ನು ಭದ್ರಪಡಿಸಿದರು. ಉದುರುತ್ತಿದ್ದ ಗಿಲಾವು ನಿಂತಿತು, ಅದು ದೊಡ್ಡ ಉಪಕಾರ. ಆದರೆ ಬಳಿದ ಅರಗಿನ ವಾರ್ನಿಷ್ ಕಾಲ ಕಳೆದಂತೆ ಹಳದಿಗಟ್ಟಿ, ಧೂಳು ಹಿಡಿದು ಬಣ್ಣ ಕಪ್ಪಾಯಿತು. ಪುರಾತತ್ವ ಇಲಾಖೆ ಆಮೇಲೆ ಅದನ್ನು ಎಚ್ಚರದಿಂದ ತೆಗೆಯುತ್ತ ಬಂದಿದೆ. ತೆಗೆದ ಕಡೆ ಒಳಗಿನಿಂದ ತಿಳಿಯಾದ ಬಣ್ಣ ಮೇಲೆ ಬರುತ್ತದೆ. ಅಂದರೆ ನಾವು ವಿಷಾದ ಅಂದುಕೊಂಡದ್ದು ಕೆಲವು ಕಡೆ ಬರೀ ವಾರ್ನಿಷ್.

ಹಾಗಂತ ಭಾವ ಎಲ್ಲವೂ ನಮ್ಮ ಕಲ್ಪನೆ ಅನ್ನುವಂತಿಲ್ಲ. ಪದ್ಮಪಾಣಿಯನ್ನು ನೋಡಿ. ಬಲಗೈಯಲ್ಲಿ ನೀಲಿ ಕಮಲ, ವಾಲಿದ ತಲೆ, ಕೆಳಗಿಳಿದ ರೆಪ್ಪೆ. ಸುತ್ತಲೂ ಕೋತಿ, ನವಿಲು, ಸಂಗೀತಗಾರರು, ಜೋಡಿಗಳು, ಏನೆಲ್ಲ ಗದ್ದಲ! ಆ ಒಬ್ಬನನ್ನು ಮಾತ್ರ ಅದು ಮುಟ್ಟುವುದಿಲ್ಲ. ಈ ಶಾಂತಿಗೆ ಹೆಸರು ಬೇಕಿಲ್ಲ. ಅದು ಗೆರೆಯಲ್ಲೇ ಇದೆ, ತೋರಿಸಿ ಹೇಳಬಹುದು: ಇಗೋ ಈ ರೆಪ್ಪೆ, ಇಗೋ ಈ ಕತ್ತಿನ ಬಾಗು. ಅವನು ಕರುಣೆಯ ಬೋಧಿಸತ್ವ, ಕಮಲ ಅವನ ಗುರುತು ಅನ್ನುವುದು ಆಮೇಲೆ ಓದಿ ತಿಳಿಯುವ ಮಾತು. ಬೆರಳಿಟ್ಟು ತೋರಿಸಬಲ್ಲ ಭಾವ ಬೇರೆ, ಯಾರೋ ಹೇಳಿದ್ದರಿಂದ ಹುಟ್ಟಿದ ಭಾವ ಬೇರೆ.

ಇಷ್ಟನ್ನಾದರೂ ನಾವಿಂದು ಚರ್ಚಿಸಲು ಆಗುತ್ತಿರುವುದು ಗುಹೆಗಳಲ್ಲಿ ವರ್ಷಗಟ್ಟಲೆ ಕೂತು ನಕಲು ತೆಗೆದವರಿಂದ. ರಾಬರ್ಟ್ ಗಿಲ್ ಬರೆದ ನಕಲುಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಹೋದವು. ಮುಂದೆ ಲೇಡಿ ಹೆರಿಂಗ್‌ಹ್ಯಾಮ್ ತಂಡದಲ್ಲಿ ನಂದಲಾಲ್ ಬೋಸ್ ಜೊತೆ ಹೈದರಾಬಾದಿನ ಸೈಯದ್ ಅಹ್ಮದ್, ಮುಹಮ್ಮದ್ ಫಜ್ಲುದ್ದೀನ್ ಎಂಬ ಕಲಾವಿದರೂ ಇದ್ದರು. ನಿಜಾಮ್ ಸರ್ಕಾರದ ಪುರಾತತ್ವ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1930ರಿಂದ 1955ರವರೆಗೆ ನಾಲ್ಕು ಸಂಪುಟಗಳಲ್ಲಿ ಅಜಂತಾ ಚಿತ್ರಗಳನ್ನು ಪ್ರಕಟಿಸಿದರು. ನಮ್ಮ ಬೀದರಿನ ಸ್ಮಾರಕಗಳ ಮೇಲೆ ದೊಡ್ಡ ಗ್ರಂಥ ಬರೆದವರೂ ಅವರೇ. ಅಜಂತಾದಲ್ಲಿ 'ನಮ್ಮವರು' ಬೇಕೇಬೇಕು ಅಂದರೆ ಇವರಿದ್ದಾರೆ. ಗೋಡೆಯ ಮೇಲಲ್ಲ, ಗೋಡೆಯ ಮುಂದೆ, ತಾಳ್ಮೆಯಿಂದ ನೋಡುತ್ತ ನಿಂತವರು.

ಮೂರು ಸಾಲಿನ ಪುಟ

ಅವತ್ತು ಸಂಜೆ ಅಕ್ಕನ ಮಗಳಿಗೆ ಒಂದು ಹಾಳೆ ಕೊಟ್ಟು ಮೂರು ಸಾಲು ಮಡಿಸಲು ಹೇಳಿದೆ. ಮೊದಲ ಸಾಲಿಗೆ 'ಕಂಡದ್ದು', ಎರಡನೆಯದಕ್ಕೆ 'ಅನಿಸಿದ್ದು', ಮೂರನೆಯದಕ್ಕೆ 'ಕೇಳಿದ್ದು'. ಅವಳು ಮೊದಲ ಸಾಲಿನಲ್ಲಿ ಟೋಪಿ, ಗಡ್ಡ, ಮುತ್ತು, ಕುದುರೆ ಅಂತ ಬರೆದಳು. ಎರಡನೆಯದರಲ್ಲಿ, "ಬಾಗಿದವನಿಗೆ ಸ್ವಲ್ಪ ಹೆದರಿಕೆ ಇದೆ, ಆದರೆ ಯಾರೂ ಅವನನ್ನು ಬೈಯುತ್ತಿಲ್ಲ" ಅಂತ ಬರೆದಳು. ಮೂರನೆಯದರಲ್ಲಿ 'ಮುಸಲ್ಮಾನರು' ಅಂತ ಬರೆದು, ನನ್ನ ಮುಖ ನೋಡಿ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಅವಳ ಎರಡನೇ ಸಾಲು ನನಗೆ ಬಹಳ ಹಿಡಿಸಿತು. ಅವರು ನಮ್ಮವರಲ್ಲದಿರಬಹುದು. ಆದರೆ ಹೊರಗಿನಿಂದ ಬಂದ ಆ ಮುಖಗಳನ್ನು ಚಿತ್ರಕಾರ ಗೇಲಿ ಮಾಡಿಲ್ಲ. ಹತ್ತಿರದಿಂದ ನೋಡಿ, ಟೋಪಿಯ ಆಕಾರ ಸಮೇತ ಬರೆದು, ರಾಜನ ಮುಂದೆಯೇ ನಿಲ್ಲಿಸಿದ್ದಾನೆ. ಇದು ಮೊದಲ ಸಾಲಿಗೇ ಸೇರುವ ಮಾತು.

ಜೂನಿನಲ್ಲಿ ಶಾಲೆ ಶುರುವಾಯಿತು. ಚಾಲುಕ್ಯರ ಪಾಠ ಬಂತು. ಹಿಂದಿನ ವರ್ಷದವರಿಗೆ ನಾನು ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡೇ ಪಾಠ ಆರಂಭಿಸಿದೆ. ಪುಲಿಕೇಶಿ ಇದರಿಂದ ಚಿಕ್ಕವನಾಗಲಿಲ್ಲ. ಹರ್ಷನನ್ನು ತಡೆದವನಿಗೆ ಬೇರೆ ಯಾರದೋ ಚಿತ್ರದ ಸಾಲ ಬೇಕಿಲ್ಲ. ಮಕ್ಕಳು ಹಾಳೆ ಮಡಿಸಿದರು, ಬರೆದರು, ವಾದ ಮಾಡಿದರು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಟೀಚರ್, ಅದೆಲ್ಲ ಸರಿ. ಪರೀಕ್ಷೆಯಲ್ಲಿ ಏನು ಬರೀಬೇಕು?"

ಒಂದು ಕ್ಷಣ ನನಗೂ ತೋಚಲಿಲ್ಲ. ಆಮೇಲೆ ಬೋರ್ಡಿನ ಮೇಲೆ ಬರೆದೆ: "ಅಜಂತಾದ 1ನೇ ಗುಹೆಯ ಈ ಚಿತ್ರವನ್ನು ಇಮ್ಮಡಿ ಪುಲಿಕೇಶಿಯ ಆಸ್ಥಾನ ಎಂದು 1879ರಿಂದ ಗುರುತಿಸಲಾಗುತ್ತಿತ್ತು. ಈಗ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ."

"ಮಾರ್ಕ್ಸ್ ಬರ್ತದಾ ಟೀಚರ್?"

"ಪುಲಿಕೇಶಿ ಅನ್ನುವ ಹೆಸರು ಇದೆಯಲ್ಲ, ಬರಬಹುದು. ಬಾರದಿದ್ದರೂ ನೀನು ಬರೆದದ್ದು ಸುಳ್ಳಲ್ಲ."

ಅವನು ಬರೆದುಕೊಂಡ.